ಹಗಲಿನ ಬಿಸಿಲು, ಇರುಳಿನ ಇದ್ದಲು

ಸಾಯಂಕಾಲ ಏಳು ಗಂಟೆ. ಮನೆಯಲ್ಲಿ ದೀಪ ಹತ್ತಿದೆ, ರೇಡಿಯೋ ನುಡಿಯುತ್ತಿದೆ. ಈ ವಿದ್ಯುತ್ತು ಎಲ್ಲಿಂದ ಬಂತೆಂದು ಯೋಚಿಸಿದ್ದೀರಾ? ರಾಯಚೂರಿನಲ್ಲೋ ಬಳ್ಳಾರಿಯಲ್ಲೋ ಉರಿದ ಕಲ್ಲಿದ್ದಲಿನ ಪಾಲು ಅದರಲ್ಲಿ ಇದ್ದೀತು. ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ತು ತೆಗೆದರೆ ಸುಮಾರು ಒಂದು ಕಿಲೋಗ್ರಾಂ ಅಂಗಾರಾಮ್ಲ ವಾಯು, ಎಂದರೆ ಕಾರ್ಬನ್ ಡೈಆಕ್ಸೈಡ್, ಹೊರಬೀಳುತ್ತದೆ. ಭೂಮಿಯ ಕಾವನ್ನು ಏರಿಸುವುದು ಮುಖ್ಯವಾಗಿ ಈ ವಾಯುವೇ.

ಹೊಸ ಯಂತ್ರ ಬಂದ ಮಾತ್ರಕ್ಕೆ ಇದು ಕಡಮೆಯಾದೀತೆ? ನಮ್ಮ ನಾಡಿನ ಎರಡು ನಿದರ್ಶನಗಳನ್ನು ನೋಡೋಣ.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಅದುವರೆಗೆ ಅಲ್ಲಿ ಉಗಿಯಂತ್ರಗಳು ದುಡಿಯುತ್ತಿದ್ದವು; ಉಗಿಗೆ ಬೆಂಕಿ ಬೇಕು. ಆ ಕೆಲಸವನ್ನು ಕಾವೇರಿ ವಹಿಸಿಕೊಂಡಷ್ಟೂ ಬೆಂಕಿ ಆರಿತು. ಆದರೆ ಬೇಸಿಗೆಯಲ್ಲಿ ಹೊಳೆ ಬಡವಾಗುತ್ತಿತ್ತು. ಆ ಕೊರತೆ ನೀಗಲು ನೀರನ್ನು ಕೂಡಿಡಬೇಕಾಯಿತು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ಇದೂ ಒಂದು.

ಈಗ ಪಾವಗಡಕ್ಕೆ ಬನ್ನಿ. ಮಳೆ ಕಾಣದ ಆ ಸೀಮೆಯಲ್ಲಿ ಸುಮಾರು 13,000 ಎಕರೆಯ ಮೇಲೆ ಸೌರಫಲಕಗಳನ್ನು ಹಾಸಿದ್ದಾರೆ. 2019ರ ಕೊನೆಯ ಹೊತ್ತಿಗೆ ಅವುಗಳ ಸಾಮರ್ಥ್ಯ 2,050 ಮೆಗಾವಾಟ್ ಆಯಿತು. ಭೂಮಿಯನ್ನು ಕೊಂಡಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ರೈತರಿಂದ ಗುತ್ತಿಗೆಗೆ ಪಡೆದರು. ಜಮೀನಿಲ್ಲದ ಕೂಲಿಯವರಿಗೆ ಮಾತ್ರ ಆ ಗುತ್ತಿಗೆಯ ಹಣ ಸಲ್ಲದು. ಹೊಲದ ಕೆಲಸವೂ ಹೋಯಿತು. ಈ ಮಾತನ್ನು ಲೆಕ್ಕದಿಂದ ಬಿಡಬಾರದು.

ನಡುಹಗಲು ಬಿಸಿಲಿನ ವಿದ್ಯುತ್ತು ಧಾರಾಳ; ಇದ್ದಲಿನ ಸ್ಥಾವರಗಳು ಉರಿ ತಗ್ಗಿಸುತ್ತವೆ. ಆದರೆ ದೊಡ್ಡ ಬಾಯ್ಲರನ್ನು ಒಲೆಯಂತೆ ಥಟ್ಟನೆ ಆರಿಸಿ ಹೊತ್ತಿಸಲಾಗದು. ಸಂಜೆಗೆ ಬೇಕೆಂದು ಅದನ್ನು ಸಣ್ಣ ಉರಿಯಲ್ಲಿ ಕಾದಿಡುತ್ತಾರೆ. ಹೊತ್ತು ಮುಳುಗಿತೋ, ಊರೆಲ್ಲ ದೀಪ ಹಚ್ಚುತ್ತದೆ; ಉರಿ ಮತ್ತೆ ಏರುತ್ತದೆ. ಆದ್ದರಿಂದ ಎಷ್ಟು ಫಲಕ ಹಾಕಿದೆವು ಎಂಬುದಕ್ಕಿಂತ ಎಷ್ಟು ಇದ್ದಲು ಉರಿಯದೆ ಉಳಿಯಿತು ಎಂಬುದೇ ನಿಜವಾದ ಲೆಕ್ಕ.

ಹಾಗಾದರೆ ಬಿಸಿಲಿಗೂ ಒಂದು ಕಟ್ಟೆ ಬೇಕು. ಹಗಲಿನ ವಿದ್ಯುತ್ತಿನಿಂದ ನೀರನ್ನು ಮೇಲಿನ ಜಲಾಶಯಕ್ಕೆ ಏರಿಸಿ ಸಂಜೆ ಕೆಳಗೆ ಹರಿಸಿದರೆ ಅದೇ ನೀರು ದೀಪ ಉರಿಸೀತು. ದೊಡ್ಡ ಬ್ಯಾಟರಿಗಳೂ ಅದೇ ಕೆಲಸ ಮಾಡುತ್ತವೆ. ಹೊಲದ ಪಂಪುಗಳನ್ನು ಹಗಲಿನಲ್ಲೇ ನಡೆಸಿದರೆ ಕೂಡಿಡುವ ಖರ್ಚೂ ಉಳಿಯುತ್ತದೆ.

ನಿಮ್ಮ ಮನೆಯ ಮೇಲೂ ಒಂದು ಪುಟ್ಟ ಕಟ್ಟೆಯಿದೆ: ನೀರಿನ ಟ್ಯಾಂಕು. ಅದನ್ನು ಸಂಜೆ ಏಳಕ್ಕೆ ತುಂಬುವ ಬದಲು ಮಧ್ಯಾಹ್ನ ಹನ್ನೆರಡಕ್ಕೆ ತುಂಬಿಸಿ. ಮೋಟಾರೂ ಅದೇ, ನೀರೂ ಅಷ್ಟೇ. ಉರಿಯುವ ಇದ್ದಲು ಮಾತ್ರ ಕಡಮೆ.