ಕೌಲಾಲಂಪುರದ ಸೀಸೆ, ಶಿವಮೊಗ್ಗದ ಕರೆ

ಮಲೇಷ್ಯಾದ ಗಡಿಯಾರ ಭಾರತಕ್ಕಿಂತ ಎರಡೂವರೆ ಗಂಟೆ ಮುಂದಿದೆ. ಊಟ ಮುಗಿಸಿ ರಾತ್ರಿ ಒಂಬತ್ತೂವರೆಗೆ ಶಿವಮೊಗ್ಗದಿಂದ ಚಿಕ್ಕಮ್ಮ ಕರೆ ಮಾಡಿದಾಗ ಕೌಲಾಲಂಪುರದಲ್ಲಿ ನಡುರಾತ್ರಿಯಾಗಿತ್ತು. ನಡೆಯುವಾಗ ತಡವರಿಸುತ್ತಿದ್ದ ಅವರ ಹದಿನಾಲ್ಕು ವರ್ಷದ ಮೊಮ್ಮಗನಿಗೆ ವಂಶವಾಹಿ ಪರೀಕ್ಷೆಯಲ್ಲಿ ಫ್ರೀಡ್ರೈಕ್ ಅಟಾಕ್ಸಿಯಾ ಇರುವುದು ಖಚಿತವಾಗಿತ್ತು. "ಆ ಪ್ರೋಟೀನು ನಿಮ್ಮ ಲ್ಯಾಬಿನಲ್ಲೇ ಇದೆಯಂತಲ್ಲೋ. ಒಂದು ಸೀಸೆ ಕಳಿಸೋಕಾಗಲ್ವಾ?" ಎಂದರು.

ಸೀಸೆಯೇನೋ ಇತ್ತು. ಮೈನಸ್ 80 ಡಿಗ್ರಿಯ ಶೈತ್ಯಪೆಟ್ಟಿಗೆಯಲ್ಲಿ, ಒಂದು ಗ್ರಾಮಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ಮಾನವ ಫ್ರಾಟಾಕ್ಸಿನ್. ಅದರ ಚೀಟಿಯ ಮೇಲೆ 'ಸಂಶೋಧನೆಗೆ ಮಾತ್ರ' ಎಂದು ಬರೆದಿರುತ್ತದೆ. ಆ ಎರಡು ಪದಗಳ ಅರ್ಥವನ್ನು ಚಿಕ್ಕಮ್ಮನಿಗೆ ತಿಳಿಸಿ ಹೇಳುವುದು ನನ್ನ ಯಾವ ಪ್ರಯೋಗಕ್ಕಿಂತಲೂ ಕಷ್ಟವಾಯಿತು.

ಈ ರೋಗವನ್ನು 1863ರಲ್ಲಿ ಮೊದಲು ವಿವರಿಸಿದವರು ಜರ್ಮನಿಯ ವೈದ್ಯ ನಿಕೊಲಾಸ್ ಫ್ರೀಡ್ರೈಕ್. ಕಾರಣವಾದ ವಂಶವಾಹಿ ಪತ್ತೆಯಾದದ್ದು 1996ರಲ್ಲಿ. ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ಪ್ರತಿ ಬಂದಾಗ ಮಗುವಿನ ದೇಹದಲ್ಲಿ ಫ್ರಾಟಾಕ್ಸಿನ್ ತೀರ ಕಡಿಮೆ ತಯಾರಾಗುತ್ತದೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದೊಳಗೆ ಕಬ್ಬಿಣ ಮತ್ತು ಗಂಧಕದ ಪುಟ್ಟ ಗುಚ್ಛಗಳು ಕಟ್ಟಿಕೊಳ್ಳಲು ಈ ಪ್ರೋಟೀನು ನೆರವಾಗುತ್ತದೆ. ಅದು ಸಾಲದೆ ಹೋದಾಗ ನರಗಳೂ ಹೃದಯವೂ ಬಳಲುತ್ತವೆ.

ಹಾಗಿದ್ದರೆ ಸೀಸೆಯಲ್ಲಿರುವುದನ್ನೇ ಚುಚ್ಚಿದರಾಗದೆ? ದೇಹದಲ್ಲಿ ಫ್ರಾಟಾಕ್ಸಿನ್ ಹುಟ್ಟುವಾಗ 210 ಅಮೈನೋ ಆಮ್ಲಗಳ ಸರಪಳಿಯಾಗಿರುತ್ತದೆ. ಅದರ ಮುಂಭಾಗವು ವಿಳಾಸದ ಚೀಟಿಯಿದ್ದಂತೆ. ಪ್ರೋಟೀನನ್ನು ಮೈಟೊಕಾಂಡ್ರಿಯಾದೊಳಕ್ಕೆ ಒಯ್ದು, ಅಲ್ಲಿ ಕತ್ತರಿಸಿಹೋಗುತ್ತದೆ. ಉಳಿದ 130 ಅಮೈನೋ ಆಮ್ಲಗಳ ಭಾಗವೇ ಕೆಲಸಗಾರ. ಮಾನವ ವಂಶವಾಹಿಯನ್ನು ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಸೇರಿಸಿ ಬೆಳೆಸಿ, ಶುದ್ಧೀಕರಿಸಿ ನಾವು ಬಳಸುವುದು ಈ ಭಾಗವನ್ನು ಮಾತ್ರ. ವಿಳಾಸವಿಲ್ಲದ ಆ ಪ್ರೋಟೀನು ರಕ್ತಕ್ಕೆ ಸೇರಿದರೂ ಜೀವಕೋಶದ ಬಾಗಿಲು ದಾಟಲಾರದು. ಮೇಲಾಗಿ ಅದರಲ್ಲಿ ಬ್ಯಾಕ್ಟೀರಿಯಾದ ವಿಷಾಂಶ ಉಳಿದಿರಬಹುದು. ಚುಚ್ಚುಮದ್ದಿಗೆ ಬೇಕಾದ ಪರೀಕ್ಷೆಗಳನ್ನು ಅದು ದಾಟಿ ಬಂದಿರುವುದಿಲ್ಲ.

"ಇನ್ಸುಲಿನ್ನೂ ಹೀಗೇ ಮಾಡ್ತಾರೆ ಅಂತ ನೀನೇ ಹೇಳಿದ್ದೆಯಲ್ಲ?" ಎಂದರು ಚಿಕ್ಕಮ್ಮ. ನಿಜ. ಬೆಂಗಳೂರಿನ ಬಯೋಕಾನ್ ಸಮೂಹದ ಇನ್ಸುಲಿನ್ ಕಾರ್ಖಾನೆ ಇದೇ ಮಲೇಷ್ಯಾದ ಜೊಹೊರ್ ರಾಜ್ಯದಲ್ಲಿದೆ. ಅಲ್ಲಿ ತಯಾರಾಗುವ ಇನ್ಸುಲಿನ್ ಗ್ಲಾರ್ಜಿನ್‌ಗೆ 2020ರಲ್ಲಿ ಅಮೆರಿಕದ ಔಷಧ ನಿಯಂತ್ರಕರ ಒಪ್ಪಿಗೆಯೂ ದೊರೆಯಿತು. ಆದರೆ ಇನ್ಸುಲಿನ್ ಜೀವಕೋಶದ ಹೊರಗೋಡೆಯ ಮೇಲೆ ನಿಂತೇ ತನ್ನ ಕೆಲಸ ಮಾಡುತ್ತದೆ. ಒಳಗೆ ಹೋಗಬೇಕಾದ ಅಗತ್ಯವಿಲ್ಲ. ಅಲ್ಲದೆ ಅಲ್ಲಿನ ಪ್ರತಿ ಕಂತಿನ ಶುದ್ಧತೆಗೂ ದಾಖಲೆಯಿರುತ್ತದೆ. ಈ ಕ್ಷೇತ್ರದ ಉದ್ಯೋಗ ಬಯಸಿ ಇಲ್ಲಿಗೆ ಬರಲು ಸಿದ್ಧರಾಗುತ್ತಿರುವ ಕಿರಿಯರಿಗೆ ನನ್ನ ಕಿವಿಮಾತು ಇಷ್ಟೇ: ಪ್ರೋಟೀನು ಶುದ್ಧೀಕರಿಸುವ ಕೈಚಳಕದಷ್ಟೇ ಶ್ರದ್ಧೆಯಿಂದ ದಾಖಲೆ ಬರೆಯುವ ಶಿಸ್ತನ್ನೂ ಊರಿನಲ್ಲೇ ಕಲಿತು ಬನ್ನಿ.

ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಿನ್ನ ಕೆಲಸ ಯಾತಕ್ಕೋ?" ಎಂದು ಕೇಳಿದರು. ಆ ಮಾತು ಚುಚ್ಚಿತು. ರೋಗಿಯ ರಕ್ತದಲ್ಲಿ ಫ್ರಾಟಾಕ್ಸಿನ್ ಎಷ್ಟಿದೆಯೆಂದು ಅಳೆಯಲು ಒಂದು ಅಳತೆಗೋಲು ಬೇಕು. ಸೀಸೆಯ ಪ್ರೋಟೀನು ಅಂಥ ಅಳತೆಗೋಲು. ಜೀವಕೋಶದೊಳಕ್ಕೆ ಹೋಗಬಲ್ಲಂತೆ ಮಾರ್ಪಡಿಸಿದ ಫ್ರಾಟಾಕ್ಸಿನ್ ರೋಗಿಗಳಲ್ಲಿ ಪ್ರಯೋಗದ ಹಂತಕ್ಕೆ ಬಂದಿರುವುದರ ಹಿಂದೆಯೂ ಇಂಥ ಸೀಸೆಗಳ ಅನೇಕ ವರ್ಷಗಳ ದುಡಿಮೆಯಿದೆ. ಈ ರೋಗಕ್ಕೆಂದೇ ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಪಡೆದ ಮೊದಲ ಔಷಧ ಒಮಾವೆಲೊಕ್ಸೊಲೋನ್. ಅದು ಹದಿನಾರು ತುಂಬಿದವರಿಗೆ, ಮತ್ತು ಗುಣಪಡಿಸುವ ಮದ್ದಲ್ಲ. ಇದನ್ನೂ ಮುಚ್ಚಿಡದೆ ಹೇಳಿದೆ.

ಸೀಸೆಯ ಬದಲು ಒಂದು ಪಟ್ಟಿಯನ್ನು ಕಳಿಸಿದೆ: ತಪ್ಪದೆ ವ್ಯಾಯಾಮ ಚಿಕಿತ್ಸೆ, ಹೃದಯದ ತಪಾಸಣೆ, ರಕ್ತದ ಸಕ್ಕರೆಯ ಪರೀಕ್ಷೆ, ಏಕೆಂದರೆ ಈ ರೋಗದವರಿಗೆ ಮಧುಮೇಹ ಬರುವ ಸಂಭವ ಹೆಚ್ಚು, ಹುಡುಗನ ತಂಗಿಗೂ ನಾಲ್ಕರಲ್ಲೊಂದು ಪಾಲು ಅಪಾಯವಿರುವುದರಿಂದ ವಂಶವಾಹಿ ತಜ್ಞರ ಸಲಹೆ. ವಿದೇಶದಲ್ಲಿರುವ ನಮ್ಮನ್ನು ಊರಿನವರು ಮದ್ದು ತರಬಲ್ಲವರೆಂದು ನಂಬುತ್ತಾರೆ. ಆ ನಂಬಿಕೆಗೆ ನಾನು ಕೊಡಬಹುದಾಗಿದ್ದದ್ದು ನಿಜವನ್ನು ಮಾತ್ರ.

ಈಗ ಚಿಕ್ಕಮ್ಮ ಪ್ರತಿ ಭಾನುವಾರ ಕರೆ ಮಾಡುತ್ತಾರೆ. ಸೀಸೆಯ ಮಾತೆತ್ತುವುದಿಲ್ಲ. ಹುಡುಗ ಆ ವಾರ ಎಷ್ಟು ಹೆಜ್ಜೆ ನಡೆದನೆಂದು ಹೇಳುತ್ತಾರೆ. ನಾನು ಬರೆದಿಟ್ಟುಕೊಳ್ಳುತ್ತೇನೆ.