ಹಸಿರಾದ ತೊಡೆ, ಉಸಿರಾಡುವ ಮೂಳೆ

ಮುಂಗುಸಿಯ ಬಾಯಿಂದ ಬಿಡಿಸಿಕೊಂಡ ಹೇಂಟೆ. ಎರಡನೇ ದಿನ ಮಂಕರಿ ಎತ್ತಿ ನೋಡಿದರೆ, ಅಬ್ಬಾ, ತೊಡೆಯ ಚರ್ಮವೆಲ್ಲ ಹಸಿರು! ಕೊಳೆತೇ ಹೋಯಿತು, ಇನ್ನು ಸಾರಿಗೂ ಆಗುವುದಿಲ್ಲ ಎಂದು ಮನೆಮಂದಿ ಕೈಚೆಲ್ಲುವುದು ಇಂಥ ಹೊತ್ತಿನಲ್ಲೇ. ಸ್ವಲ್ಪ ತಡೆಯಿರಿ. ಪೆಟ್ಟು ಬಿದ್ದ ಕೋಳಿ ವಾಸಿಯಾಗುತ್ತಿರುವಾಗ ಕಾಣುವ ಬಣ್ಣವೇ ಅದು!

ಚರ್ಮದಡಿ ನಿಂತ ರಕ್ತವನ್ನು ನಮ್ಮ ದೇಹ ಮೊದಲು ಬಿಲಿವರ್ಡಿನ್ ಎಂಬ ಹಸಿರು ವಸ್ತುವಾಗಿ ಒಡೆಯುತ್ತದೆ, ಆಮೇಲೆ ಒಂದು ಕಿಣ್ವ ಬಂದು ಅದನ್ನು ಹಳದಿಯಾಗಿಸುತ್ತದೆ. ಕೋಳಿಯಲ್ಲಿ ಆ ಎರಡನೇ ಕೆಲಸ ನಡೆಯುವುದೇ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಹಸಿರಿಗೇ ನಿಂತಿತು! ಕೋಳಿ ಕೊಯ್ದು ಗೊತ್ತಿರುವವರು ಪಿತ್ತದ ಚೀಲದ ಕಡುಹಸಿರನ್ನು ಎಷ್ಟು ಸಲ ನೋಡಿಲ್ಲ? ಅದೇ ವಸ್ತು, ಅದೇ ಬಣ್ಣ, ಈಗ ತೊಡೆಯ ಮೇಲೆ. ನಾಲ್ಕೈದು ದಿನದಲ್ಲಿ ತಾನಾಗಿ ಮಾಸುತ್ತದೆ. ಹೆದರಬೇಕಾದದ್ದು ಕೆಟ್ಟ ವಾಸನೆಗೆ ಮತ್ತು ಕಪ್ಪಾಗಿ ಸತ್ತ ಚರ್ಮಕ್ಕೆ.

ಈ ಒಂದು ಹಸಿರಿನ ಬೆನ್ನು ಹತ್ತಿದರೆ ಸಾಕು, ಹಿತ್ತಲಲ್ಲಿ ಕೆದಕಿಕೊಂಡಿರುವ ಈ ಪ್ರಾಣಿಯ ಒಳಗೆ ಎಂತೆಂಥ ಸೋಜಿಗ! ಸುಮ್ಮನೆ ನಿಂತ ಕೋಳಿಯ ಮೈ ಬಿಸಿ ಸುಮಾರು 106 ಡಿಗ್ರಿ ಫ್ಯಾರನ್‌ಹೀಟ್. ನಮಗೆ ಅಷ್ಟು ಜ್ವರ ಬಂದರೆ ಆಸ್ಪತ್ರೆಗೆ ಓಡುತ್ತೇವೆ. ಅದಕ್ಕೆ ಅದು ದಿನನಿತ್ಯದ ಆರೋಗ್ಯ. ಕಚ್ಚಿಸಿಕೊಂಡ ಕೋಳಿ ಗಾಬರಿಯಿಂದ, ರಕ್ತ ಹೋದದ್ದರಿಂದ ತಣ್ಣಗಾಗುತ್ತಾ ಹೋಗುತ್ತದೆ. ಅದಕ್ಕೇ ಬಟ್ಟೆಯಿಂದ ಒತ್ತಿ ಹಿಡಿದು ರಕ್ತ ನಿಲ್ಲಿಸಿದ ಮೇಲೆ ಮಾಡಬೇಕಾದ ಮೊದಲ ಉಪಚಾರ ಔಷಧಿಯದಲ್ಲ: ಬೆಚ್ಚಗಿನ, ಕತ್ತಲೆಯ, ಸದ್ದಿಲ್ಲದ ಒಂದು ರಟ್ಟಿನ ಪೆಟ್ಟಿಗೆ.

ಎತ್ತಿಕೊಳ್ಳುವಾಗಲೂ ಜೋಕೆ. ನಮ್ಮಂತೆ ಕೋಳಿಗೆ ವಪೆಯಿಲ್ಲ. ಎದೆಮೂಳೆ ಮೇಲೆ ಕೆಳಗೆ ಆಡಿದರೆ ಮಾತ್ರ ಉಸಿರು. ಪ್ರೀತಿಯಿಂದಲೇ ಎದೆಗವಚಿ ಬಿಗಿಯಾಗಿ ಹಿಡಿದರೂ ಅದು ಉಸಿರುಗಟ್ಟಿ ಸಾಯಬಹುದು!

ಮತ್ತೆ ಆ ಉಸಿರು ಹೋಗುವುದಾದರೂ ಎಲ್ಲಿಗೆ? ಶ್ವಾಸಕೋಶದಿಂದಾಚೆ ಮೈಯೊಳಗೆಲ್ಲ ಹರಡಿದ ಗಾಳಿಚೀಲಗಳಿಗೆ, ಅಲ್ಲಿಂದ ರೆಕ್ಕೆಯ ತೋಳಿನ ಮೂಳೆಯೊಳಕ್ಕೂ! ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ 1774ರಲ್ಲಿ ಪ್ರಕಟಿಸಿದ ಪ್ರಯೋಗ ಓದಿದರೆ ಮೈ ಜುಂ ಎನ್ನುತ್ತದೆ, ಸ್ವಲ್ಪ ಸಂಕಟವೂ ಆಗುತ್ತದೆ. ಕೋಳಿಯ ಶ್ವಾಸನಾಳವನ್ನು ಕಟ್ಟಿ, ತೋಳಿನ ಮೂಳೆಯನ್ನು ಕತ್ತರಿಸಿದ. ಕತ್ತರಿಸಿದ ಮೂಳೆಯ ತುದಿಯಿಂದ ಗಾಳಿ ಒಳಗೆ ಹೊರಗೆ ಓಡಾಡಿತು!

ಇದು ಬರೀ ಪುಸ್ತಕದ ಬೆರಗಾಗಿದ್ದರೆ ಓದಿ ಮರೆಯಬಹುದಿತ್ತು. ಆದರೆ ಬೆನ್ನು, ಪಕ್ಕೆ, ರೆಕ್ಕೆಯ ಬುಡದಲ್ಲಿ ಹಲ್ಲು ಆಳಕ್ಕೆ ಇಳಿದಿದ್ದರೆ ಆ ತೂತು ನೇರ ಗಾಳಿಚೀಲಕ್ಕೇ ತೆರೆದಿರಬಹುದು. ಅದರೊಳಗೆ ಸಿರಿಂಜಿನಿಂದ ನೀರು ಹೊಡೆದಿರೋ, ಕೋಳಿ ಒಣನೆಲದ ಮೇಲೆಯೇ ಮುಳುಗಿ ಸಾಯುತ್ತದೆ! ಕೆಲವೊಮ್ಮೆ ಗಾಳಿ ಸೋರಿ ಚರ್ಮದಡಿ ತುಂಬಿಕೊಂಡು ಕೋಳಿ ಊದಿಕೊಳ್ಳುತ್ತದೆ, ಒತ್ತಿದರೆ ಚರಚರ ಎನ್ನುತ್ತದೆ. ಅದು ಪಶುವೈದ್ಯರ ಕೈಗೆ ಬಿಡಬೇಕಾದ ಕೆಲಸ. ಕುಡಿದ ನೀರು ಕೊರಳ ಬುಡದ ಗಾಯದಿಂದ ಹೊರಗೆ ತೊಟ್ಟಿಕ್ಕುತ್ತಿದ್ದರೂ ಅಷ್ಟೇ. ಕಾಳಿನ ಚೀಲ ಹರಿದಿದೆ, ಹೊಲಿಗೆ ಬೇಕು. ಮೇಲುಮೇಲಿನ ಗಾಯವನ್ನು ಮಾತ್ರ ಮನೆಯಲ್ಲೇ ತೊಳೆಯಬಹುದು: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು.

ಹಲ್ಲಿನ ತೂತು ಸೂಜಿ ಚುಚ್ಚಿದಷ್ಟೇ ಕಂಡರೂ ನಂಬಬೇಡಿ. ಬೆಕ್ಕಿನ ಬಾಯಲ್ಲಿ ಸಾಮಾನ್ಯವಾಗಿ ಇರುವ ಒಂದು ಬ್ಯಾಕ್ಟೀರಿಯಾ ಪಾಸ್ಚುರೆಲ್ಲಾ ಮಲ್ಟೋಸಿಡಾ. ಹೆಸರಲ್ಲೇ ಲೂಯಿ ಪಾಸ್ಚರ್! 1879–80ರಲ್ಲಿ ಆತ ಪ್ರಯೋಗಶಾಲೆಯಲ್ಲಿ ದುರ್ಬಲಗೊಳಿಸಿ ಕೋಳಿಗಳಿಗೆ ಲಸಿಕೆಯಾಗಿ ಚುಚ್ಚಿದ್ದು, ಕೋಳಿ ಕಾಲರಾ ತರುವ ಇದೇ ಜೀವಿಯನ್ನು. ಬೆಕ್ಕು ಕಚ್ಚಿದ ಕೋಳಿಗೆ ಆ್ಯಂಟಿಬಯೋಟಿಕ್ ಬೇಗ ಬೇಕು ಎನ್ನುವುದು ಇದಕ್ಕೇ. ಕೊಡಿಸಿದ ಮೇಲೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂದು ವೈದ್ಯರನ್ನೇ ಕೇಳಿಕೊಳ್ಳಿ.

ಸೋಂಕಾದರೆ ಕೀವು ಸೋರುತ್ತದೆ ಎಂದು ಕಾದು ಕೂತವರು ಕಾಯುತ್ತಲೇ ಇರಬೇಕು. ಕೀವನ್ನು ನೀರಾಗಿಸುವ ಕಿಣ್ವವೊಂದು ಕೋಳಿಯ ಬಿಳಿ ರಕ್ತಕಣಗಳಲ್ಲಿ ಇಲ್ಲ. ಅದರ ಕೀವು ಗಿಣ್ಣಿನ ತುಂಡಿನ ಹಾಗೆ ಗಟ್ಟಿ! ಹಿಂಡಿದರೆ ಬರುವುದಿಲ್ಲ, ವೈದ್ಯರು ಬಿಡಿಸಿ ತೆಗೆಯಬೇಕು.

ಗಂಡಾಂತರ ಇನ್ನೊಂದಿದೆ, ಅದು ಗೂಡಿನೊಳಗೇ ಇದೆ. ಕೆಂಪು ಕಂಡರೆ ಜೊತೆಯ ಕೋಳಿಗಳೇ ಕುಕ್ಕಲು ಬರುತ್ತವೆ, ನಿನ್ನೆಯವರೆಗೆ ಒಟ್ಟಿಗೆ ಮೇಯ್ದವೇ! ಪಶು ಆಸ್ಪತ್ರೆಯ ನೇರಳೆ ಔಷಧಿ ಸೋಂಕು ತಡೆಯುವುದರ ಜೊತೆಗೆ ಆ ಕೆಂಪನ್ನೂ ಮುಚ್ಚಿಬಿಡುತ್ತದೆ. ಆದರೂ ವಾಸಿಯಾಗುವ ತನಕ ಬೇರೆಯಾಗಿಯೇ ಇಡಿ, ಮೇಲೆ ಸೊಳ್ಳೆಪರದೆಯ ತುಂಡು ಹೊದಿಸಿ. ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳು.

ಅಂಗಳದ ತುಂಬ ಚೆಲ್ಲಿದ ಪುಕ್ಕಕ್ಕೆ ಮರುಗಬೇಕಿಲ್ಲ. ಹೆದರಿದ ಕೋಳಿ ಗರಿಗಳ ಹಿಡಿತವನ್ನು ತಾನೇ ಸಡಿಲಿಸುತ್ತದೆ, ಮುಂಗುಸಿಯ ಬಾಯಿಗೆ ಬರೀ ತುಪ್ಪಳ ಸಿಗಲಿ ಎಂಬಂತೆ! ಹಾಗೆ ಬುಡಸಮೇತ ಕಿತ್ತುಬಂದ ಗರಿಯ ಜಾಗದಲ್ಲಿ ಹೊಸದು ಆಗಲೇ ಮೊಳೆಯಲು ಶುರು. ಗಾಯದ ಸುತ್ತ ಕತ್ತರಿಯಲ್ಲಿ ನೀವು ಕತ್ತರಿಸಿದ ಗರಿಗಳೇ ತಡ. ಆ ಮೋಟು ಕಡ್ಡಿಗಳು ಮುಂದಿನ ಗರಿ ಉದುರುವ ಕಾಲದವರೆಗೆ ಹಾಗೆಯೇ ನಿಂತಿರುತ್ತವೆ.