ಹಳ್ಳದ ಮರಳಿನ ಚಿನ್ನ: ಯಾವ ಸಾಧನ, ಯಾವ ನೀರಿಗೆ?

ಮರಳು ತೊಳೆದು ಚಿನ್ನ ತೆಗೆಯುವ ವಿಡಿಯೊ ನೋಡದವರು ನಮ್ಮ ಹಾಸ್ಟೆಲ್‌ನಲ್ಲಿ ಕಡಿಮೆ. ಅಲಾಸ್ಕದಲ್ಲಿ ಯಾರೋ ಪ್ಲಾಸ್ಟಿಕ್ ತಟ್ಟೆ ತಿರುಗಿಸ್ತಾರೆ, ಕೊನೆಗೆ ಹಳದಿ ಚೂರು ಹೊಳೆಯುತ್ತೆ. ಆದರೆ ಈ ವಿದ್ಯೆ ನಮ್ಮ ಪಕ್ಕದ್ದೇ. ಅಳವಂಡಿ ಕೊಪ್ಪಳ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿದೆ. ಅಲ್ಲಿಂದ ಮುಂಡರಗಿ ದಾಟಿದರೆ ಗದಗ ಜಿಲ್ಲೆಯ ಕಪ್ಪತಗುಡ್ಡ. ಡೋಣಿ, ಸೊರಟೂರು ಕಡೆಯ ಹಳ್ಳಗಳಲ್ಲಿ ಜಲಗಾರರು ಮರಳು ಜಾಲಿಸಿ ಚಿನ್ನ ತೆಗೆಯುತ್ತಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲೇ ಈ ಗುಡ್ಡಗಳ ಚಿನ್ನದ ಶಿಲೆಗಳ ಬಗ್ಗೆ ಬರೆದಿದ್ದಾರೆ.

ಈಗ ಆನ್‌ಲೈನ್‌ನಲ್ಲಿ ಹತ್ತಾರು ಬಗೆಯ ಕಿಟ್‌ಗಳು ಸಿಗುತ್ತವೆ. ಯಾವುದು ಒಳ್ಳೆಯದು ಅಂತ ಕೇಳೋದಕ್ಕಿಂತ, ಯಾವ ಹಳ್ಳಕ್ಕೆ ಯಾವುದು ಅಂತ ಕೇಳಬೇಕು. ಅದನ್ನು ತೀರ್ಮಾನಿಸುವುದು ಮೂರು ಸಂಗತಿ: ನೀರು, ಕಣದ ಗಾತ್ರ, ಹೊರುವ ಭಾರ.

ತತ್ವ ಒಂದೇ

ಅಡುಗೆಮನೆಯಲ್ಲಿ ಅಕ್ಕಿ ಗಾಳಿಸೋದನ್ನು ನೆನಪಿಸಿಕೊಳ್ಳಿ. ಅಕ್ಕಿ ನೀರಿನ ಜೊತೆ ಜಾರುತ್ತೆ, ಹಳ್ಳು ತಳದಲ್ಲಿ ಉಳಿಯುತ್ತೆ. ಚಿನ್ನಕ್ಕೂ ಇದೇ ಲೆಕ್ಕ. ಚಿನ್ನದ ಸಾಪೇಕ್ಷ ಸಾಂದ್ರತೆ 19.3, ಬೆಣಚುಕಲ್ಲಿನದು 2.65. ಅಂದ್ರೆ ಸುಮಾರು 7 ಪಟ್ಟು. ನೀರಿನಲ್ಲಿ ಎರಡರಿಂದಲೂ 1 ಕಳೆಯಬೇಕು: 18.3 ಮತ್ತು 1.65. ಅನುಪಾತ 11ಕ್ಕೆ ಏರುತ್ತೆ. ಈ ಸಂಖ್ಯೆ 2.5 ದಾಟಿದರೆ ಬೇರ್ಪಡಿಸೋದು ಸುಲಭ ಅನ್ನೋದು ಖನಿಜ ಸಂಸ್ಕರಣೆಯ ರೂಢಿ ಸೂತ್ರ. ನೀರು ಇಷ್ಟು ಮುಖ್ಯವಾಗೋದು ಇದಕ್ಕೇ.

ಇದರಲ್ಲಿ ಒಂದು ತೊಡಕಿದೆ. ಸಣ್ಣ ಚಿನ್ನದ ಕಣವೂ ದೊಡ್ಡ ಬೆಣಚು ಕಣವೂ ಒಂದೇ ವೇಗದಲ್ಲಿ ಮುಳುಗಬಹುದು. ಸ್ಟೋಕ್ಸ್ ನಿಯಮದ ಪ್ರಕಾರ, ಅತಿ ಸಣ್ಣ ಕಣಗಳಲ್ಲಿ ಮೂರು ಪಟ್ಟಿಗಿಂತ ತುಸು ಹೆಚ್ಚು ವ್ಯಾಸದ ಬೆಣಚು ಚಿನ್ನಕ್ಕೆ ಸರಿಸಾಟಿ. ಹಾಗಾಗಿ ಮೊದಲು ಸಾಣಿಗೆಯಲ್ಲಿ ಜರಡಿ ಹಿಡಿದು ಗಾತ್ರ ಸಮ ಮಾಡಬೇಕು. ಕಿಟ್‌ನಲ್ಲಿ ಜರಡಿ ಇಲ್ಲದಿದ್ದರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ಅರ್ಧ ಕೆಲಸವೇ. ನಮ್ಮ ಕಡೆಯ ಎರೆಮಣ್ಣಿನಂಥ ಜಿಗುಟು ಮಣ್ಣಿದ್ದರೆ ಅದನ್ನು ಮೊದಲು ಬಕೆಟ್‌ನಲ್ಲಿ ಕಲಸಿ ಪೂರ್ತಿ ಕರಗಿಸಬೇಕು. ಇಲ್ಲಾಂದ್ರೆ ಮಣ್ಣಿನ ಉಂಡೆಗಳೇ ಚಿನ್ನವನ್ನು ಅಂಟಿಸಿಕೊಂಡು ಹೊರಗೆ ಹೋಗುತ್ತವೆ.

ಸಾಧನಗಳು

ತಟ್ಟೆ: ಹಗುರ, ಒಂದು ಟಬ್ ನೀರು ಸಾಕು. ಆದರೆ ಪಳಗಿದ ಕೈಗೂ ದಿನಕ್ಕೆ ಅರ್ಧ ಘನ ಮೀಟರ್ ತೊಳೆದರೆ ಹೆಚ್ಚು. ಎಲ್ಲಿ ಅಗೆಯಬೇಕು ಅಂತ ಪರೀಕ್ಷಿಸೋದಕ್ಕೂ ಕೊನೆಯ ಶುದ್ಧೀಕರಣಕ್ಕೂ ಇದು ಬೇಕೇ ಬೇಕು.

ತೂಗುಪೆಟ್ಟಿಗೆ: ತೊಟ್ಟಿಲಿನಂತೆ ತೂಗುವ ಮರದ ಪೆಟ್ಟಿಗೆ. ಕೊಡದಿಂದ ನೀರು ಸುರಿಯುತ್ತಾ ತೂಗಬೇಕು, ಅದೇ ನೀರನ್ನು ತಿಳಿಯಾಗಿಸಿ ಮತ್ತೆ ಬಳಸಬಹುದು. ನೀರು ಕಡಿಮೆ ಇರುವ ಹಳ್ಳಕ್ಕೆ ಇದೇ ಸರಿ.

ಸ್ಲೂಸ್: ಅಡ್ಡಪಟ್ಟಿಗಳಿರುವ ಉದ್ದನೆಯ ತೊಟ್ಟಿ, ಕೆಳಗೆ ಚಾಪೆ. ಇಳಿಜಾರು ಸುಮಾರು 12ಕ್ಕೆ 1. ಹರಿಯುವ ನೀರು ಇರಲೇಬೇಕು. ಮಳೆ ನಿಂತ ಮೇಲೆ ಒಣಗುವ ಹಳ್ಳದಲ್ಲಿ ವರ್ಷದ ಬಹುಪಾಲು ಅದು ಬರೀ ತಗಡು.

ಪಂಪ್ ಜೋಡಿಸಿದ ಸ್ಲೂಸ್: ನೀರನ್ನು ದಂಡೆಗೆ ಎತ್ತುತ್ತೆ. ಆದರೆ ಪಂಪ್, ಪೈಪ್, ಪೆಟ್ರೋಲ್ ಎಲ್ಲ ಹೊತ್ತೊಯ್ಯಬೇಕು. ರಸ್ತೆ ಇಲ್ಲದ ಜಾಗಕ್ಕೆ ಹೋಗುವಾಗ ಇದನ್ನು ಎರಡು ಸಲ ಯೋಚಿಸಿ.

ಒಣ ಯಂತ್ರ: ನೀರಿನ ಬದಲು ಗಾಳಿ. ಮರಳು ಪೂರ್ತಿ ಒಣಗಿರಬೇಕು, ಸ್ವಲ್ಪ ಹಸಿ ಇದ್ದರೂ ಕೆಲಸ ಕೆಡುತ್ತೆ. ಸಣ್ಣ ಚಿನ್ನ ಧೂಳಿನ ಜೊತೆ ಹಾರಿಹೋಗುತ್ತೆ.

ಹೀರುವ ಡ್ರೆಜ್: ನದಿಯ ತಳವನ್ನೇ ಹೀರಿ ಕದಡುತ್ತೆ. ಮೀನುಗಳಿಗೆ ಹಾನಿ ಅನ್ನೋ ಕಾರಣಕ್ಕೆ ಕ್ಯಾಲಿಫೋರ್ನಿಯ 2009ರಲ್ಲಿ ಇದಕ್ಕೆ ತಡೆ ಹಾಕಿತು.

ಯಾವುದನ್ನು ಆರಿಸಿದರೂ ಒಂದು ಲೆಕ್ಕ ಮರೆಯಬೇಡಿ. ಘನ ಮೀಟರಿಗೆ 0.1 ಗ್ರಾಂ ಚಿನ್ನ ಇದೆ ಅಂತ ಊಹಿಸಿಕೊಳ್ಳಿ. ದಿನಪೂರ್ತಿ ತಟ್ಟೆ ತಿರುಗಿಸಿದರೆ 0.05 ಗ್ರಾಂ. ಸ್ಲೂಸಿಗೆ 4 ಘನ ಮೀಟರ್ ಹಾಕಿದರೆ 0.4 ಗ್ರಾಂ. ಅದಕ್ಕೆ ಸುಮಾರು 7 ಟನ್ ಮರಳನ್ನು ಸಲಿಕೆಯಿಂದ ಎತ್ತಬೇಕು! ಮಿತಿ ಇರೋದು ಯಂತ್ರದಲ್ಲಲ್ಲ, ನಮ್ಮ ಬೆನ್ನಿನಲ್ಲಿ.

ಪಾದರಸ ಮಾತ್ರ ಬೇಡ. ಅದು ಚಿನ್ನವನ್ನು ಹಿಡಿಯುತ್ತೆ ನಿಜ, ಆದರೆ ಕಾಯಿಸಿದಾಗ ಏಳುವ ಆವಿ ನರಮಂಡಲವನ್ನು ಹಾಳು ಮಾಡುತ್ತೆ, ಹಳ್ಳಕ್ಕೆ ಬಿದ್ದದ್ದು ಮೀನಿನ ಮೂಲಕ ಊರಿನ ಊಟಕ್ಕೆ ಬರುತ್ತೆ.

ಕಿಟ್‌ಗಿಂತ ಮೊದಲು ಕಾನೂನು

ಅಮೆರಿಕದಲ್ಲಿ 1872ರ ಕಾಯ್ದೆಯ ಪ್ರಕಾರ ಸಾಮಾನ್ಯ ನಾಗರಿಕರೂ ಸರ್ಕಾರಿ ಜಮೀನಿನಲ್ಲಿ ಗೂಟ ನೆಟ್ಟು ಗಣಿ ಹಕ್ಕು ಕೇಳಬಹುದು. ವಿಡಿಯೊಗಳ ಹಿಂದಿರುವ ವ್ಯವಸ್ಥೆ ಅದು. ನಮ್ಮಲ್ಲಿ ಹಾಗಿಲ್ಲ. 1957ರ ಗಣಿ ಮತ್ತು ಖನಿಜ ಕಾಯ್ದೆಯಡಿ ಪರವಾನಗಿ ಅಥವಾ ಗುತ್ತಿಗೆ ಇಲ್ಲದೆ ಚಿನ್ನದ ಗಣಿಗಾರಿಕೆ ಅಪರಾಧ. ಮೇಲಾಗಿ 2019ರಿಂದ ಕಪ್ಪತಗುಡ್ಡ ವನ್ಯಜೀವಿ ಧಾಮ. ಗಣಿಗಾರಿಕೆ ಬೇಡ ಅಂತ ಗದಗ ಸೀಮೆಯ ಜನ ವರ್ಷಗಟ್ಟಲೆ ಹೋರಾಡಿ ಉಳಿಸಿಕೊಂಡ ಗುಡ್ಡ ಅದು. ಸಲಿಕೆ ಹಿಡಿದು ಅಲ್ಲಿಗೆ ಹೋಗುವ ಯೋಚನೆ ಬಿಡಿ.

ಹಾಗಾದ್ರೆ ಕಲಿಯೋದು ಹೇಗೆ? ಕಾಲೇಜಿನಲ್ಲೇ. ಪ್ಲೈವುಡ್‌ನಿಂದ ಒಂದು ಮೀಟರ್ ಉದ್ದದ ಸ್ಲೂಸ್ ಮಾಡಿ, ತಳಕ್ಕೆ ರಬ್ಬರ್ ಮ್ಯಾಟ್ ಹಾಸಿ. 5 ಕಿಲೊ ಮರಳಿನಲ್ಲಿ ಮೊದಲೇ ಅಯಸ್ಕಾಂತ ಆಡಿಸಿ ಅದರಲ್ಲಿರುವ ಕಪ್ಪು ಮರಳನ್ನು ತೆಗೆಯಿರಿ. ವರ್ಕ್‌ಶಾಪ್‌ನ ಕಬ್ಬಿಣದ ಅರದ ಪುಡಿ 10 ಗ್ರಾಂ ತಂದು, ಎರಡನ್ನೂ ಒಂದೇ ಜರಡಿಯಲ್ಲಿ ಸೋಸಿ ಬೆರೆಸಿ. ಈಗ ನೀರು ಬಿಡಿ. ಮ್ಯಾಟ್‌ನಲ್ಲಿ ಉಳಿದ ಪುಡಿಯನ್ನು ಅಯಸ್ಕಾಂತದಿಂದ ಎತ್ತಿ, ತುಕ್ಕು ಹಿಡಿಯುವ ಮೊದಲೇ ಒಣಗಿಸಿ ತೂಗಿ. ಇಳಿಜಾರು 16ಕ್ಕೆ 1, 12ಕ್ಕೆ 1, 8ಕ್ಕೆ 1 ಮಾಡಿ ಮೂರು ಸಲ ನೋಡಿ, ಗ್ರಾಫ್ ಎಳೆಯಿರಿ. ನೀರಿನಲ್ಲಿ ಕಬ್ಬಿಣದ ಅನುಪಾತ ಸುಮಾರು 4.2, ಚಿನ್ನದ್ದು 11. ಕಬ್ಬಿಣವನ್ನು ಹಿಡಿಯುವ ಪೆಟ್ಟಿಗೆ ಅದೇ ಗಾತ್ರದ ಚಿನ್ನವನ್ನು ಬಿಡೋದಿಲ್ಲ.